ನಲವತ್ತೊಂದನೆಯ ದೃಶ್ಯ

ಸಿಯೆನ್‌ಫುಯೆಗೊಸ್
೧೪ ಮಾರ್ಚ್ ೨೦೨೩, ಮಂಗಳವಾರ

ನನ್ನ ಒಡಾಲಿಸ್,

ಹೇಗಿದ್ದೀಯೆ? ಮಾಂಟೆವಿಡಿಯೊದ ಗಾಳಿಗೆ ನಿನ್ನ ಮಂಡಿ ಮತ್ತೆ ತಕರಾರು ತೆಗೆದಿಲ್ಲ ತಾನೆ? ನೀನು ನೋಡಿಕೊಳ್ಳುವ ಆ ಮುದುಕಪ್ಪ ಈಗಲೂ ಸೂಪನ್ನು ನಿನ್ನ ಮೇಲೇ ಉಗುಳುತ್ತಾನೋ, ಸುಧಾರಿಸಿದ್ದಾನೋ? ಇಲ್ಲಿ ನಾನು ಕ್ಷೇಮ. ನಿನ್ನಮ್ಮನೂ ಕ್ಷೇಮ; ಕಣ್ಣಿನ ಪೊರೆ ಬಲಿತು ಅಕ್ಷರ ಕಾಣದಿದ್ದರೂ ನನ್ನ ತಪ್ಪುಗಳು ಮಾತ್ರ ಅವರಿಗೆ ಬೀದಿಯ ಆ ತುದಿಯಿಂದಲೇ ಕಾಣುತ್ತವೆ. ಕರೆಂಟು ಬೆಳಿಗ್ಗೆ ಹೋಗುತ್ತದೆ, ಮಧ್ಯಾಹ್ನ ದೂರದ ನೆಂಟನ ಹಾಗೆ ಬಂದು ಮುಖ ತೋರಿಸಿ, ಕೂರು ಎನ್ನುವಷ್ಟರಲ್ಲಿ ಹೊರಟುಬಿಡುತ್ತದೆ.

ಇನ್ನು ಚಿತ್ರಕಥೆಯ ವಿಚಾರ. ಆರು ತಿಂಗಳಿಗೆಂದು ಹೋದ ನೀನು ನಾಲ್ಕು ವರ್ಷ ಮುಗಿಸಿದ್ದೀಯೆ. ಮೂರು ವಾರದಲ್ಲಿ ಬರೆದು ಬಿಸಾಕುತ್ತೇನೆಂದ ನಾನೂ ನಾಲ್ಕು ವರ್ಷ ಮುಗಿಸಿದ್ದೇನೆ. ನಮ್ಮಿಬ್ಬರ ಕಾಲಜ್ಞಾನವೂ ಒಂದೇ ಅಂಗಡಿಯ ಸರಕು. ನಾಯಕಿಯ ಹೆಸರು ಮಿಗ್ದಾಲಿಯಾ. ಗಂಡನನ್ನು ಬಿಟ್ಟು ಸಮುದ್ರ ದಾಟಿ ಹೋದವಳು. ಅವಳು ನೀನೇ ಎಂದು ಯಾರೂ ಕಂಡುಹಿಡಿಯಬಾರದೆಂದು ನಿನ್ನ ಎಡಗೆನ್ನೆಯ ಮಚ್ಚೆಯನ್ನು ಬಲಗೆನ್ನೆಗೆ ವರ್ಗಾಯಿಸಿದ್ದೇನೆ. ಸಾಹಿತ್ಯದಲ್ಲಿ ಇದನ್ನೇ ಕಲ್ಪನಾಶಕ್ತಿ ಎನ್ನುತ್ತಾರೆ. ನಲವತ್ತೊಂದನೆಯ ದೃಶ್ಯದಲ್ಲಿ ಅವಳು ಮನೆಗೆ ಮರಳುತ್ತಾಳೆ, ಕಪಾಟು ತೆಗೆದು, ತಾನು ಬಿಟ್ಟುಹೋದ ಹಳದಿ ಫ್ರಾಕು ತೊಟ್ಟು, ಏನೂ ಆಗಿಲ್ಲವೆಂಬಂತೆ ಕಾಫಿಗೆ ಕೂರುತ್ತಾಳೆ. ನಿನ್ನ ಫ್ರಾಕೇ ಅದು. ನಿನ್ನಮ್ಮ ಅದನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ, ಮಡಚಿ, ಯಾರೂ ಮುಟ್ಟದ ಹಾಗೆ ಕಾಯುತ್ತಿದ್ದಾರಲ್ಲ, ಅದೇ.

ಒಂದೊಂದು ದೃಶ್ಯವನ್ನು ಒಂದೊಂದು ಕಾರ್ಡಿನಲ್ಲಿ ಬರೆದು ಗೋಡೆಗೆ ಅಂಟಿಸಬೇಕೆಂಬುದು ಈ ಕಸುಬಿನ ಶಾಸ್ತ್ರ. ನಮ್ಮ ಗೋಡೆಯ ತೇವಕ್ಕೆ ಬಣ್ಣವೇ ನಿಲ್ಲುವುದಿಲ್ಲ, ಕಾರ್ಡು ನಿಂತೀತೇ? ಹಾಗಾಗಿ ನಡುಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೇ ಕ್ಲಿಪ್ಪು ಹಾಕಿ ನನ್ನ ಕಲಾಕೃತಿಯನ್ನು ನೇತುಹಾಕಿದ್ದೇನೆ, ಅಕ್ಕಪಕ್ಕ ನನ್ನ ಬನಿಯನ್ನುಗಳು. ನಲವತ್ತೊಂದನೆಯ ಕಾರ್ಡಿನ ಮೂಲೆಯಲ್ಲಿ ಕಾಫಿ ಕಲೆಯಿದೆ. ಆ ಗುರುತು ಹಿಡಿದು ನಿನ್ನಮ್ಮ ದಿನಾ ಬೆಳಿಗ್ಗೆ ಅದನ್ನು ಒಂದಷ್ಟು ಕ್ಲಿಪ್ಪು ಮುಂದಕ್ಕೆ ತಂದು ಸಿಕ್ಕಿಸುತ್ತಾರೆ. ಕೇಳಿದರೆ, “ಇಷ್ಟೊತ್ತಿಗೆ ಬಂದಿರ್ಬೇಕಿತ್ತು ಅವಳು. ನೀವು ಬರೆಯೋದೇ ನಿಧಾನ, ಅಳಿಯಂದ್ರೇ” ಎನ್ನುತ್ತಾರೆ. ನಾನು ಮತ್ತೆ ಹಿಂದಕ್ಕೆ ಹಾಕುತ್ತೇನೆ. ಕಳೆದ ವಾರ ನೀನು ಒಂಬತ್ತನೆಯ ದೃಶ್ಯದಲ್ಲೇ, ಅಂದರೆ ಹೊರಡುವ ಮೊದಲೇ, ವಾಪಸ್ ಬಂದಿದ್ದೆ.

ನಮ್ಮ ಬರಹಗಾರರ ಬಳಗ ಶನಿವಾರ ಕ್ಷೌರದಂಗಡಿಯ ಹಿಂಕೋಣೆಯಲ್ಲಿ ಸೇರುತ್ತದೆ. ಗುರುಗಳು ಬೆಲ್ಕಿಸ್ ಮೇಡಂ. ನಲವತ್ತು ವರ್ಷ ರೇಡಿಯೊ ನಾಟಕ ಬರೆದು ಇಡೀ ದ್ವೀಪದ ಕಣ್ಣಲ್ಲಿ ನೀರು ತರಿಸಿದವರು. ಅವರದೊಂದು ಪದ್ಧತಿಯಿದೆ. ಬರೆದವನು ಕ್ಷೌರದ ಕುರ್ಚಿಯಲ್ಲಿ ಕೂರಬೇಕು. ಎಲ್ಲರೂ ಪಾತ್ರಕ್ಕೆ ಪ್ರಶ್ನೆ ಹಾಕುತ್ತಾರೆ, ಅವನು ಪಾತ್ರವೇ ಆಗಿ ಯೋಚಿಸದೆ ಉತ್ತರ ಕೊಡಬೇಕು. ತಡವರಿಸಿದರೆ ಚಪ್ಪಾಳೆ ತಟ್ಟಿ ಮಾನ ಕಳೆಯುತ್ತಾರೆ. ಮೊನ್ನೆ ಶನಿವಾರ ನನ್ನ ಸರದಿ. ನಿನ್ನಮ್ಮ ಕಾಫಿಯ ಫ್ಲಾಸ್ಕು ಹಿಡಿದು ಹಿಂದಿನ ಬೆಂಚಿನಲ್ಲಿದ್ದರು. ಮೀಸೆ ಹೊತ್ತು ಮಿಗ್ದಾಲಿಯಾ ಆಗಿ ಕೂತೆ.

“ಯಾಕಮ್ಮಾ ವಾಪಸ್ ಬಂದೆ? ಗಂಡನ ಮೇಲಿನ ಪ್ರೀತಿಗಾ?” ಎಂದರು ಮೇಡಂ. ಪ್ರೀತಿ ಇದೆ, ಅದನ್ನ ಅಲ್ಲಿಂದಾನೂ ಮಾಡಬಹುದು ಎಂದೆ. ಜನ ನಕ್ಕರು, ನಾನೂ ಉಬ್ಬಿದೆ. ಹಾಗಾದರೆ ಅಮ್ಮನಿಗೋಸ್ಕರವಾ ಎಂದರು. ಅಮ್ಮನಿಗೆ ಬೈಯೋಕೆ ಅಳಿಯ ಇದ್ದಾನಲ್ಲ ಎಂದೆ. ಮತ್ತೂ ನಕ್ಕರು. “ಮತ್ಯಾಕೆ ಬಂದೆ?” ಎಂದು ಮೂರನೆಯ ಸಲ ಕೇಳಿ ಚಪ್ಪಾಳೆಗೆ ಕೈ ಎತ್ತಿದರು. ಆಗ ನನ್ನ ಬಾಯಿಂದ ಬಂತು: “ನಾನೆಲ್ಲಿ ಬಂದೆ? ನಾನು ಬರಲ್ಲ. ಅದು ಅವನಿಗೂ ಗೊತ್ತು. ಗೊತ್ತಿರೋದಕ್ಕೇ ಬರೀತಾ ಕೂತಿದಾನೆ.”

ಯಾರೂ ನಗಲಿಲ್ಲ. ಮೇಡಂ ಎತ್ತಿದ ಕೈ ಇಳಿಸಿ, ಹಸ್ತಪ್ರತಿಯ ಮೇಲೆ ‘ಪಾತ್ರ ಪಾಸು, ಕಥೆ ಫೇಲು’ ಎಂದು ಬರೆದುಕೊಟ್ಟರು. ನಿನ್ನಮ್ಮ ಎಲ್ಲರಿಗೂ ಕಾಫಿ ಬಗ್ಗಿಸಿದರು. ಖಾಲಿ ಫ್ಲಾಸ್ಕನ್ನು ಎದೆಗವಚಿಕೊಂಡು ಮನೆವರೆಗೆ ನಡೆದರು. ಬಾಗಿಲಲ್ಲಿ ನಿಂತು, “ಕಾಫಿಪುಡಿ ಸಾಲದೆ ಹುರಿದ ಬಟಾಣಿ ಜಾಸ್ತಿ ಬೆರೆಸಿಬಿಟ್ಟೆ ಅನ್ಸುತ್ತೆ, ಕಹಿ ಆಯ್ತು” ಎಂದರು.

ಒಡಾಲಿಸ್, ನಾನು ಮೊಂಡ, ನಿನಗೆ ಗೊತ್ತಲ್ಲ. ಮಿಗ್ದಾಲಿಯಾ ಮರಳುವುದಕ್ಕೆ ಒಂದು ಕಾರಣ ನಿನಗೆ ಹೊಳೆದರೆ ಬರೆದು ಕಳಿಸು. ದೊಡ್ಡದೇನೂ ಬೇಡ. ಮರೆತುಹೋದ ಛತ್ರಿಯಾದರೂ ಸಾಕು, ಮಿಕ್ಕಿದ್ದನ್ನು ನಾನು ಕಟ್ಟಿಕೊಳ್ಳುತ್ತೇನೆ.

ಮಂಡಿಗೆ ಎಣ್ಣೆ ಹಚ್ಚು. ಮುದುಕಪ್ಪನಿಗೆ ನನ್ನ ನಮಸ್ಕಾರ ತಿಳಿಸು, ಸೂಪಿನಿಂದ ದೂರ ನಿಂತು.

ಇನ್ನೂ ನಿನ್ನವನೇ ಆದ
ರಿಗೊಬೆರ್ತೊ

ತಾ.ಕ.: ನಿನ್ನೂರಿಗೆ ಹೊರಟು ಈ ಕಾಗದ ಒಯ್ಯುವವರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆಗೆಂದು ಎದ್ದವನು ಈಗ ನೋಡಿದೆ, ಹಗ್ಗದಲ್ಲಿ ನಲವತ್ತೊಂದನೆಯ ಕಾರ್ಡು ಇಲ್ಲ. ಅದರ ಕ್ಲಿಪ್ಪಿನಲ್ಲಿ ನಿನ್ನ ಹಳದಿ ಫ್ರಾಕು ನೇತಾಡುತ್ತ ನೀರು ತೊಟ್ಟಿಕ್ಕಿಸುತ್ತಿದೆ. ಒಣಗಿದ ಮೇಲೆ ಎದುರುಮನೆಯ ನಿಯೆವೆಸ್‌ಗೆ ಕೊಡುತ್ತಾರಂತೆ ನಿನ್ನಮ್ಮ. “ಯಾರಾದ್ರೂ ಹಾಕ್ಕೊಳ್ಳಲಿ, ಸುಮ್ನೆ ಹಳೇದಾಗುತ್ತೆ” ಎಂದರು. ಬೇಡ ಎನ್ನಲು ಬಾಯಿ ತೆರೆದೆ. ಕಾರಣ ಹೊಳೆಯಲಿಲ್ಲ. ಇವತ್ತು ಸಮುದ್ರದ ಗಾಳಿ ಜೋರಾಗಿದೆ; ಸಂಜೆಯೊಳಗೆ ಒಣಗಿಬಿಡುತ್ತದೆ.