ಮೇಲಿನ ತಟ್ಟೆಗೂ ಅದೇ ಸೊಪ್ಪು

ಸಾದಲಿ
೧೪-೧೧-೨೦೨೫, ಶುಕ್ರವಾರ

ಅಪ್ಪಾ ಚಲಪತಿ,

ಹೇಗಿದ್ದೀಯ? ಗೌರಿಬಿದನೂರು ಡಿಪೋದ ಊಟಕ್ಕೆ ಎದೆ ಉರಿಯುತ್ತದೆ ಅಂದಿದ್ದೆ, ಕಡಿಮೆಯಾಯಿತಾ? ಸ್ಟೀರಿಂಗ್ ಹಿಡಿದು ಭುಜ ನೋಯುತ್ತಿದ್ದರೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊ. ನನ್ನ ಮಂಡಿ ಹಾಗೇ ಇದೆ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ "ಬಸ್ಸು ತೆಗೀಬೇಕಮ್ಮ, ಆಮೇಲೆ" ಅಂತ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗದು. ಹಾಳೆ ಒಂದೇ ಇರುವುದು, ಅಕ್ಷರ ಸಣ್ಣ, ಕನ್ನಡಕ ಹಾಕಿಕೊಂಡು ಓದು.

ಮಗಳು ಧನುಶ್ರೀಯನ್ನು ಕಾಲೇಜು ಬಿಡಿಸಲು ಸಹಿ ಹಾಕಿದ ಟೀಸಿ ಅರ್ಜಿಯನ್ನು ಕಂಡಕ್ಟರ್ ಮುನಿಗಂಗಪ್ಪನ ಕೈಲಿ ಕಳಿಸಿದೆಯಲ್ಲ, ಮುಟ್ಟಿತು. "ಲೆಕ್ಕದ ಟೆಸ್ಟಲ್ಲಿ ಇಪ್ಪತ್ತೈದಕ್ಕೆ ನಾಲ್ಕು ತಗೊಂಡೋಳಿಗೆ ಸೈನ್ಸ್ ಯಾಕೆ, ರೇಷ್ಮೆ ಹುಳುಮನೆ ನೋಡ್ಕೊಳ್ಳಲಿ" ಅಂದೆಯಂತೆ. ನಿನ್ನ ಹೆಂಡತಿ ತನುಜ ಅದನ್ನು ಹೇಳಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಲೇ, ಆ ನಾಲ್ಕು ಹೇಗೆ ಬಂತು ಅಂತ ನೀನು ಕೇಳಿದೆಯಾ? ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟವಳು ನಾನು ಕೇಳಿದೆ. ಬುಕ್ಕು, ಟೆಸ್ಟ್ ಪೇಪರು ಎರಡನ್ನೂ ಹಜಾರದಲ್ಲಿ ಹರಡಿಸಿ, ಹೇಳಿಕೊಡೇ ಅಂದೆ.

ಅದು ಭಾಗಾಕಾರ. ಮೇಲೆ ಏಳು ಕೂಡಿಸು ಐ, ಕೆಳಗೆ ಒಂದು ಕೂಡಿಸು ಐ. ಈ ಐ ಅನ್ನುವುದನ್ನು ಅದರಿಂದಲೇ ಗುಣಿಸಿದರೆ ಮೈನಸ್ ಒಂದಂತೆ, ಇರಲಿ. ಅದು ಕೆಳಗೆ ಕೂತಿದ್ದರೆ ಭಾಗಿಸಲು ಬಿಡುವುದಿಲ್ಲ. ಅದಕ್ಕೆ ಕೆಳಗಿನದರ ಕೂಡುವ ಗುರುತನ್ನು ಕಳೆಯುವ ಗುರುತು ಮಾಡಿ ಅದರ ಜೋಡಿಯನ್ನು ತರಬೇಕು, ಒಂದು ಕಳೆ ಐ. ಕಾಂಜುಗೇಟ್ ಅಂತ ಹೆಸರು. ಅದರಿಂದ ಗುಣಿಸಿದರೆ ಕೆಳಗಿನ ಐ ಮಾಯವಾಗಿ ಬರೀ ಎರಡು ಉಳಿಯುತ್ತದೆ. ಇಷ್ಟನ್ನು ನಿನ್ನ ಮಗಳು ಐದು ಲೆಕ್ಕದಲ್ಲೂ ಸರಿಯಾಗಿಯೇ ಮಾಡಿದ್ದಾಳೆ. ಆದರೆ ಬುಕ್ಕಿನಲ್ಲಿ ಆ ಜೋಡಿ ಎರಡು ಕಡೆ ಇತ್ತು, ಇವಳದರಲ್ಲಿ ಕೆಳಗೆ ಮಾತ್ರ. "ಮೇಲಕ್ಕೆ ಯಾಕೆ ಹಾಕಿಲ್ಲ ಕಣೇ?" ಅಂದೆ. "ಮರ್ತೋಯ್ತು ಅಜ್ಜಿ." "ಕೆಳಗಿನ ತಟ್ಟೆಗೆ ಹಾಕಿ ಮೇಲಿನ ತಟ್ಟೆ ಹುಳಕ್ಕೆ ಸೊಪ್ಪು ಹಾಕೋದು ಯಾವತ್ತಾದ್ರೂ ಮರ್ತಿದ್ದೀಯೇನಮ್ಮ?" ಹುಡುಗಿ ಪೆನ್ನು ಕಚ್ಚಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಮೇಲಿನದನ್ನೂ ಗುಣಿಸಿದಳು. ಎಂಟು ಕಳೆ ಆರು ಐ ಬಂತು, ಎರಡರಿಂದ ಭಾಗಿಸಿದರೆ ನಾಲ್ಕು ಕಳೆ ಮೂರು ಐ. ಅದನ್ನು ಒಂದು ಕೂಡಿಸು ಐಯಿಂದ ಗುಣಿಸಿ ತಾಳೆ ನೋಡಿದರೆ ಏಳು ಕೂಡಿಸು ಐ ಅಚ್ಚುಕಟ್ಟಾಗಿ ವಾಪಸು ಬಂತು. ಉಳಿದ ನಾಲ್ಕನ್ನು ನನ್ನ ಕಾಫಿ ಆರುವುದರೊಳಗೆ ಮುಗಿಸಿದಳು.

ಯಾಕೆ ಮರೆತಳು ಗೊತ್ತಾ? ಟೆಸ್ಟಿನ ದಿನವೇ ಹುಳು ಹಣ್ಣಾಗಿ ಗೂಡು ಕಟ್ಟಲು ನಿಂತಿತ್ತು. "ಆಳು ಬೇಡ, ಧನು ಇದ್ದಾಳಲ್ಲ" ಅಂದವನು ನೀನು. ಬೆಳಕು ಹರಿಯುವ ಮುಂಚಿನಿಂದ ಒಂದೊಂದೇ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆ ತಟ್ಟಿಗೆ ಬಿಟ್ಟು, ಬೆರಳಿಗಂಟಿದ ನೂಲನ್ನೂ ತೊಳೆಯದೆ ಶಿಡ್ಲಘಟ್ಟದ ಬಸ್ಸಿಗೆ ಓಡಿದಳು. ನಾನೂ ಬುಟ್ಟಿ ಹಿಡಿದು ಪಕ್ಕದಲ್ಲೇ ಇದ್ದೆ, ಹೋಗಿ ಓದಿಕೋ ಅನ್ನಲಿಲ್ಲ. ಆ ಸಿಟ್ಟು ನನ್ನ ಮೇಲೂ ಇದೆ, ಆದರೆ ಇವತ್ತಿನ ಸರದಿ ನಿನ್ನದು.

ಹತ್ತನೇ ಕ್ಲಾಸಿನ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಯಾರಪ್ಪ? ನಿಮ್ಮಪ್ಪ ಜಯರಾಮಪ್ಪ "ದನ ಕಾಯಲಿ ಬಿಡು" ಅಂದಾಗ ಎರಡು ದಿನ ಒಲೆ ಹಚ್ಚದೆ ಕೂತವಳು ನಾನು. ಮೂರನೇ ಸಲ ಪಾಸಾದೆ, ಇವತ್ತು ಸರ್ಕಾರಿ ಬಸ್ಸು ಓಡಿಸುತ್ತಿದ್ದೀಯ. ನಿನಗೆ ಮೂರು ಸಲ, ನಿನ್ನ ಮಗಳಿಗೆ ಒಂದೇನಾ? ನಾಚಿಕೆ ಆಗಬೇಕು ಕಣೋ ನಿನಗೆ.

ಹೊತ್ತಿಗೆ ಸರಿಯಾಗಿ ತಿನ್ನು, ತಿರುವಿನಲ್ಲಿ ನಿಧಾನ. ಬೈದರೂ ನಿನ್ನ ಒಳ್ಳೆಯದನ್ನೇ ಬೇಡುವ

ನಿನ್ನ ಅಮ್ಮ
ರಾಮಲಕ್ಷ್ಮಮ್ಮ

ಮರೆತಿದ್ದೆ: ಸೋಮವಾರ ಮರುಟೆಸ್ಟು. ಹುಳುಮನೆಗೆ ನಾನು, ತನುಜ ಇದ್ದೇವೆ. ಟೀಸಿ ಅರ್ಜಿ ಎಲ್ಲಿ ಅಂತ ಹುಡುಕಬೇಡ, ಈ ಹಾಳೆ ತಿರುಗಿಸು, ನಿನ್ನ ಸಹಿ ಅಲ್ಲೇ ಇದೆ. ಇನ್ನೊಂದು ಕಳಿಸಿದರೆ ಅದರ ಹಿಂದೆ ಬರೆಯುವುದಕ್ಕೂ ನನ್ನ ಹತ್ತಿರ ಬೇಕಾದಷ್ಟಿದೆ.