ಎಡೆಗೆ ಮುಂಚಿನ ಗಂಜಿ

ಕ್ಯಾಲನೂರು
4-11-1979, ಭಾನುವಾರ

ಚಿ. ಸೌ. ಭಾರತಿಗೆ,

ನಿನ್ನ ಅಕ್ಕ ರತ್ನ ಮನಸಾರೆ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಅಂತ ಬರೆಯೋಕೆ ಹೋದರೆ ಈ ಸಲ ಕೈ ಸ್ವಲ್ಪ ತಡೆಯುತ್ತೆ ಕಣೇ. ಈಗ ಕ್ಷೇಮವೇ. ನಡುವೆ ಇರಲಿಲ್ಲ.

ಗೌರಿ ಹಬ್ಬಕ್ಕೆ ನೀನು ಬರೆದ ಕಾಗದ ಬಂತು. ಅದಾದ ಮೇಲೆ ಇನ್ನೊಂದು ಬಂತು, 'ಅಕ್ಕಂಗೆ ನನ್ನ ಮೇಲೇನಾದ್ರೂ ಕೋಪಾನಾ' ಅಂತ. ಕೋಪ ಎಲ್ಲಿಂದ ಬರಬೇಕು ಹುಚ್ಚಿ? ಗೌರಿಯ ದಿನ ನಾನು ಕೋಲಾರದ ಆಸ್ಪತ್ರೆಯಲ್ಲಿ ಮಲಗಿದ್ದೆ. ಭಾರತಿಗೆ ತಿಳಿಸಬೇಡಿ ಅಂತ ನಾನೇ ಹೇಳಿದ್ದೆ. ತಿಳಿಸಿದ್ದರೆ ನೀನು ಎಳೇ ಕೂಸನ್ನ ಕಂಕುಳಲ್ಲಿ ಎತ್ತಿಕೊಂಡು ಶ್ರೀನಿವಾಸಪುರದಲ್ಲಿ ಬಸ್ಸು ಹತ್ತಿಬಿಡ್ತಿದ್ದೆ. ಅದಕ್ಕೇ ತಡ. ಬೇಜಾರು ಮಾಡ್ಕೋಬೇಡ.

ನಡೆದದ್ದನ್ನ ಮೊದಲಿಂದ ಹೇಳ್ತೀನಿ. ಶ್ರಾವಣದಲ್ಲಿ ನಮ್ಮಲ್ಲಿ ರೇಷ್ಮೆ ಹುಳ ಕೊನೇ ಜ್ವರ ಎದ್ದು ಹಸಿದು ಕೂತಿತ್ತು. ನಿನಗೆ ಗೊತ್ತಲ್ಲ, ಹುಳ ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ. ಕೊನೇ ಜ್ವರ ಎದ್ದ ಮೇಲೆ ಅದಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯಲ್ಲಿ ಯಾರಿಗೂ ಕೂರೋಕೆ ಬಿಡುವಿರಲಿಲ್ಲ. ನಾನು ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದವಳು ಮಧ್ಯಾಹ್ನ ಬಿಸಿಲು ವಾಲೋ ತನಕ ಬಾಯಿಗೆ ಏನೂ ಹಾಕಿರಲಿಲ್ಲ. ಅದೇನು ಹೊಸದಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿಂದ ಮಾವ, ನಿಮ್ಮ ಭಾವ, ಮೈದುನ, ಆಳುಗಳು, ಅತ್ತೆ, ಎಲ್ಲರದ್ದೂ ಆಗಿ ಉಳಿದದ್ದು ನನಗೂ ನನ್ನ ಓರಗಿತ್ತಿ ಮುನಿಶಾಮಮ್ಮನಿಗೂ. ಸಾರಿನ ತಳದಲ್ಲಿ ಖಾರ ಮಾತ್ರ ಉಳಿದಿರುತ್ತೆ. ಮುದ್ದೆ ಕಲ್ಲಾಗಿರುತ್ತೆ. ಒಂದು ಹಸಿ ಮೆಣಸಿನಕಾಯಿ ಕಚ್ಚಿಕೊಂಡು ನುಂಗೋದು, ಏಳೋದು. ಎರಡು ವರ್ಷದಿಂದ ಎದೆ ಕೆಳಗೆ ಕೆಂಡ ಇಟ್ಟ ಹಾಗೆ ಆಗ್ತಿತ್ತು. ಉಷ್ಣ ಅಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಾಗ್ತಿದ್ದೆ.

ಅವತ್ತು ಸೊಪ್ಪಿನ ಮಂಕರಿ ಎತ್ತಿಕೊಂಡು ಒಳಗೆ ಕಾಲಿಟ್ಟೆ. ಕಣ್ಣು ಕತ್ತಲೆ ಬಂತು. ವಾಂತಿಯಾಯಿತು. ಕಾಫಿ ಗಷ್ಟಿನ ಹಾಗೆ ಕಪ್ಪಗೆ, ಅದರ ಹಿಂದೆಯೇ ಕೆಂಪಗೆ. ಮುನಿಶಾಮಮ್ಮ ಕಿರುಚಿದ್ದು ಕೇಳಿಸಿತು, ಆಮೇಲೆ ಏನೂ ಗೊತ್ತಿಲ್ಲ. ಎಚ್ಚರ ಬಂದಾಗ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ಮಧ್ಯೆ ಮಲಗಿಸಿದ್ದರು. ನಿಮ್ಮ ಭಾವ ನನ್ನ ತಲೆ ತೊಡೆ ಮೇಲೆ ಇಟ್ಟುಕೊಂಡು, ಡ್ರೈವರಿಗೆ 'ಬೇಗ ಹೋಗಣ್ಣ, ಬೇಗ ಹೋಗು' ಅಂತಿದ್ದರು. ಹತ್ತು ಜನರ ಎದುರಿಗೆ ಅವರು ನನ್ನ ಮುಟ್ಟಿದ್ದು ಮದುವೆ ದಿನ ಬಿಟ್ಟರೆ ಅವತ್ತೇ.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಸುಣ್ಣದ ನೀರಿನಂಥದ್ದೇನೋ ಕುಡಿಸಿ ಹೊಟ್ಟೆಯ ಫೋಟೋ ತೆಗೆದರು. ಹೊಟ್ಟೆಯಲ್ಲಿ ಹುಣ್ಣಾಗಿ ಒಡೆದು ರಕ್ತ ಹೋಗಿದೆ ಅಂದರು. ಒಬ್ಬ ಡಾಕ್ಟರಮ್ಮ, ನಡುವಯಸ್ಸಿನವರು, ಸಣ್ಣ ದನಿ, ಮಂಚದ ಪಕ್ಕ ಕೂತು ಕೇಳಿದರು. "ಊಟ ಎಷ್ಟು ಹೊತ್ತಿಗೆ ಮಾಡ್ತೀಯಮ್ಮ?"

"ಎಲ್ಲರದ್ದೂ ಆದ ಮೇಲೆ."

"ಎಲ್ಲರದ್ದೂ ಎಷ್ಟು ಹೊತ್ತಿಗೆ ಆಗುತ್ತೆ?"

ನಿಮ್ಮ ಭಾವ ಮುಂದೆ ಬಂದು, "ನಮ್ಮನೇಲಿ ಊಟಕ್ಕೇನೂ ಕಮ್ಮಿ ಇಲ್ಲ ಡಾಕ್ಟ್ರೇ, ರಾಗಿ ಕಣಜದಲ್ಲಿ ತುಂಬಿದೆ" ಅಂದರು. ಆಕೆ ಸಿಟ್ಟಾಗಲಿಲ್ಲ. "ಕಣಜದಲ್ಲಿ ಏನಿದೆ ಅಂತ ಕೇಳಲಿಲ್ಲಪ್ಪ. ಈಕೆ ಹೊಟ್ಟೆಯಲ್ಲಿ ಏನಿತ್ತು ಅಂತ ಕೇಳಿದೆ" ಅಂದರು. ನಿಮ್ಮ ಭಾವ ತಲೆ ತಗ್ಗಿಸಿಬಿಟ್ಟರು. ನನಗೆ ನನ್ನ ನೋವಿಗಿಂತ ಅದನ್ನ ನೋಡೋಕೆ ಕಷ್ಟವಾಯಿತು.

ಪಥ್ಯ ಹೇಳಿದರು. ಖಾರ ಬೇಡ, ಹುಣಸೆಹುಳಿ ಬೇಡ, ಉಪ್ಪಿನಕಾಯಿ, ಕಾಫಿ ಬೇಡವೇ ಬೇಡ. ಮುದ್ದೆ ಸದ್ಯಕ್ಕೆ ಬಿಡು, ಹುರಳಿ ಬಸ್ಸಾರಿನ ಆಸೆ ಬಿಡು. ಅಕ್ಕಿ ನುಚ್ಚಿನ ಗಂಜಿ, ಹೆಸರುಬೇಳೆ ಕಟ್ಟು, ಕಿವುಚಿದ ಹಾಲನ್ನ, ಬೇಯಿಸಿದ ಸೋರೆಕಾಯಿ, ಹುಳಿಯಾಗದ ಮಜ್ಜಿಗೆ. ಇದೆಲ್ಲ ಸರಿ. ಕೊನೆಗೆ ಹೇಳಿದ್ದೇ ಕಷ್ಟದ್ದು. "ಸ್ವಲ್ಪ ಸ್ವಲ್ಪ, ಎರಡೆರಡು ಗಂಟೆಗೆ ತಿನ್ನಬೇಕು. ಹೊಟ್ಟೆ ಖಾಲಿ ಬಿಟ್ಟರೆ ಹುಣ್ಣು ಮತ್ತೆ ಬಾಯಿ ಬಿಡುತ್ತೆ. ಯಾರದ್ದು ಆಗಿದೆ, ಯಾರದ್ದು ಆಗಿಲ್ಲ ಅಂತ ಕಾಯೋ ಹಾಗಿಲ್ಲ."

ಮನೆಗೆ ಬಂದ ಮೇಲೆ ಅತ್ತೆಯೇ ಗಂಜಿ ಮಾಡಿ ಹಾಕಿದರು ಕಣೇ. ಸುಳ್ಳು ಹೇಳಬಾರದು. ನುಚ್ಚನ್ನ ಹುರಿದು, ಕರಗೋ ಹಾಗೆ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಒಂದು ಚಿಟಿಕೆ ಜೀರಿಗೆ ಹಾಕಿ ತಂದುಕೊಡ್ತಿದ್ದರು. ನಾನು ಚಾಪೆ ಮೇಲೆ ಇದ್ದಷ್ಟು ದಿನ ಅದು ರೋಗಿಯ ಊಟ, ಯಾರಿಗೂ ಬೇಜಾರಿರಲಿಲ್ಲ. ಎದ್ದು ಓಡಾಡೋಕೆ ಶುರು ಮಾಡಿದೆ ನೋಡು, ಅಲ್ಲಿಂದ ಬೇರೆಯಾಯಿತು. ಗಂಡಸರು ಹೊಲದಿಂದ ಬರೋಕೆ ಮುಂಚೆ ಸೊಸೆ ತಟ್ಟೆ ಮುಂದೆ ಕೂತಿದ್ದಾಳೆ ಅಂದರೆ ನೋಡಿದವರು ಏನಂತಾರೆ? ಅತ್ತೆ ನನಗೆ ನೇರವಾಗಿ ಏನೂ ಅನ್ನಲಿಲ್ಲ. ಪಕ್ಕದ ಮನೆಯವಳಿಗೆ ಕೇಳಿಸೋ ಹಾಗೆ, "ನಾವೂ ಇದೇ ಮನೇಲಿ ಕಡೇ ಪಂಕ್ತಿಲಿ ಉಂಡೋರೇ ಕಣಮ್ಮ. ನಮಗೇನಾಯ್ತು?" ಅಂದರು. ಹಾಗಂದವರು ಸಾಯಂಕಾಲ ಎಂದಿನ ಹಾಗೆ ಅಡಿಗೆ ಸೋಡ ನೀರಿಗೆ ಕದಡಿ, ಕಣ್ಣು ಮುಚ್ಚಿ ಕುಡಿದು, ಎದೆ ನೀವಿಕೊಂಡರು. ನಾನು ನೋಡಿದೆ.

ಮಾತು ಕೇಳೋಕಾಗದೆ ಒಂದೊಂದು ಹೊತ್ತು ಬಿಡೋಕೆ ಶುರು ಮಾಡಿದೆ. ನೋವು ತಿರುಗಿ ಬಂತು.

ಆಮೇಲೆ ಮಾಳಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡೋ ದಿನ. ಎಡೆ ಆಗೋ ತನಕ ಮನೆಯಲ್ಲಿ ಯಾರೂ ಹನಿ ನೀರು ಮುಟ್ಟೋ ಹಾಗಿಲ್ಲ. ಬೆಳಗ್ಗೆಯಿಂದ ನಾನೂ ಮುನಿಶಾಮಮ್ಮನೂ ಒಲೆ ಮುಂದೆ. ವಡೆ, ಕಜ್ಜಾಯ, ಕುಂಬಳಕಾಯಿ ಪಲ್ಯ, ಹುಳಿಸಾರು. ಬರಬೇಕಾದ ನೆಂಟರು ಮಾಲೂರಿಂದ ಬಸ್ಸು ತಪ್ಪಿಸಿಕೊಂಡಿದ್ದರು. ಅವರು ಬರದೆ ಎಡೆ ಇಡೋಕಾಗಲ್ಲ ಅಂದರು ಮಾವ. ಹೊತ್ತು ನೆತ್ತಿಗೆ ಬಂದು ಇಳೀತು. ಎದೆ ಕೆಳಗೆ ಅದೇ ಕೆಂಡ. ಎಣ್ಣೆ ಹೊಗೆಗೆ ತಲೆ ತಿರುಗಿ ಗೋಡೆ ಹಿಡಿದುಕೊಂಡೆ. ಬಾಯಲ್ಲಿ ಕಬ್ಬಿಣದ ರುಚಿ ಬಂತು. ಆ ರುಚಿ ನನಗೆ ಗುರುತಿತ್ತು ಭಾರತಿ.

ಆವಾಗ ನನಗೆ ಧೈರ್ಯ ಬಂತು ಅಂತ ತಿಳಿಯಬೇಡ. ಭಯ ಬಂತು. ಸತ್ತುಹೋಗ್ತೀನಿ ಅನ್ನೋ ಭಯ, ಅಷ್ಟೇ. ಒಂದು ಮೂಲೆಯ ಒಲೆ ಮೇಲೆ ನುಚ್ಚು ಹಾಕಿದೆ. ಬೆಂದ ಮೇಲೆ ತಟ್ಟೆಗೆ ಬಗ್ಗಿಸಿಕೊಂಡೆ. ಕದ್ದು ತಿನ್ನಬಹುದಿತ್ತು, ಹಿತ್ತಲಿತ್ತು. ಯಾಕೋ ಮನಸ್ಸು ಬರಲಿಲ್ಲ. ನಡುಮನೆಯಲ್ಲಿ, ಹಿರಿಯರಿಗೆ ಹೊಸ ಬಟ್ಟೆ ಇಟ್ಟ ಜಾಗದ ಎದುರಿಗೇ ಗೋಡೆಗೆ ಒರಗಿ ಕೂತು ತಿಂದೆ.

ಅತ್ತೆ ಬಾಗಿಲಲ್ಲಿ ನಿಂತುಬಿಟ್ಟರು. "ಅಯ್ಯೋ ದೇವುಡಾ! ಏನೇ ಇದು? ಸತ್ತೋರು ಬಾಗಿಲಲ್ಲಿ ಹಸ್ಕೊಂಡು ನಿಂತಿರ್ತಾರೆ ಕಣೇ. ಅವರಿಗಿಂತ ಮುಂಚೆ ತಿಂತೀಯಲ್ಲೇ!"

"ತಿನ್ನದಿದ್ರೆ ನಾನೂ ಅವರ ಜೊತೇಲೇ ನಿಂತ್ಕೊಳ್ತೀನಿ ಅತ್ತೆ" ಅಂದೆ.

ಮಾವ ಬೈಯಲಿಲ್ಲ. "ಅವಳು ಎಡೆ ಸಾಮಾನು ಮುಟ್ಟೋದು ಬೇಡ" ಅಂತ ಮಾತ್ರ ಅಂದರು. ನಾನು ಹೊರಗೆ ಜಗುಲಿ ಮೇಲೆ ಕೂತೆ. ನೆಂಟರು ಬಂದರು, ನನ್ನ ದಾಟಿಕೊಂಡು ಒಳಗೆ ಹೋದರು. ಧೂಪದ ವಾಸನೆ ಬಂತು. ನಾನು ಮಾಡಿದ ವಡೆಯನ್ನ ಮುನಿಶಾಮಮ್ಮ ಎಲೆಗೆ ಬಡಿಸಿದಳು. ಆ ದಿನ ಈ ಮನೆಗೆ ಬಂದು ಎಷ್ಟು ವರ್ಷವಾದರೂ ನಾನು ಹೊರಗಿನವಳೇ ಅನ್ನಿಸಿತು.

ಅದು ಅಲ್ಲಿಗೇ ಮುಗಿಯಲಿಲ್ಲ. ದಸರಾ ಕಳೆದ ಮೇಲೆ ಹುಳದ ಬೆಳೆ ಹೋಯಿತು. ಗೂಡು ಕಟ್ಟೋಕೆ ಇನ್ನೇನು ಬರಬೇಕು, ಹುಳ ಎಲ್ಲ ಮೆತ್ತಗಾಗಿ ಕಪ್ಪಗಾಗಿ ತಟ್ಟೆ ತಟ್ಟೆಯೇ ನಾರೋಕೆ ಶುರುವಾಯಿತು. ಹೊಲದಲ್ಲಿ ಗುಂಡಿ ತೋಡಿ ಸುರಿದೆವು. ಅತ್ತೆ ಮಣ್ಣು ಎಳೆಯುತ್ತ, "ಹಿರಿಯರು ಸುಮ್ಮನೆ ಬಿಡ್ತಾರಾ? ಎಂಜಲು ಮಾಡಿ ಎಡೆ ಇಟ್ವಲ್ಲ" ಅಂದರು. ಎಲ್ಲರೂ ನನ್ನ ಕಡೆ ನೋಡಿದರು.

ನಿಮ್ಮ ಭಾವ ಗುದ್ದಲಿ ಕೆಳಗೆ ಹಾಕಿದರು. ಅವರು ಅವರಮ್ಮನಿಗೆ ಎದುರು ಮಾತಾಡಿದ್ದು ನಾನು ಕೇಳಿರಲಿಲ್ಲ. "ಹಿರಿಯರು ಅಲ್ಲಮ್ಮ, ನಾನು. ಜಡಿ ಮಳೇಲಿ ಸೊಪ್ಪು ಒಣಗಿಸದೆ ಒದ್ದೇದೇ ಹಾಕ್ದೆ. ಹೊತ್ತಾಯ್ತು ಅಂತ ಹಾಕ್ದೆ" ಅಂದರು.

"ಹೆಂಡ್ತೀನ ಬಿಡಿಸ್ಕೊಳೋಕೆ ಹೇಳ್ತಿದ್ದೀಯ ಸೊಣ್ಣ" ಅಂದರು ಅತ್ತೆ ಮಗನಿಗೆ.

"ನಿಜ ಹೇಳ್ತಿದ್ದೀನಿ. ಜ್ವರ ಎದ್ದ ಹುಳಕ್ಕೆ ನೀನೇ ಎಳೇ ಸೊಪ್ಪು ಆರಿಸಿ ಹಾಕ್ತೀಯ. ಒಂದು ಹೊತ್ತು ತಪ್ಪಿದ್ರೆ ಮನೆಯೆಲ್ಲ ಬೈತೀಯ. ಇವಳು ಸಾವಿನಿಂದ ಎದ್ದು ಬಂದೋಳು ಕಣಮ್ಮ. ಇವಳಿಗೆ ಹೊತ್ತಿಗೆ ಒಂದು ತಟ್ಟೆ ಗಂಜಿ ಅಂದ್ರೆ ಯಾಕೆ ಇಷ್ಟು ಮಾತು?"

ಅತ್ತೆ ಮತ್ತೆ ಮಣ್ಣು ಎಳೆಯೋಕೆ ಬಗ್ಗಿದರು. ಹುಳ ಮುಚ್ಚಿ ಎಲ್ಲರೂ ಮನೆ ಕಡೆ ಹೊರಟೆವು. ಬೆಳೆ ಹೋದ ದುಃಖ ಒಂದು ಕಡೆ. ಆದರೂ ನಿನ್ನ ಹತ್ತಿರ ಮುಚ್ಚಿಡೋದೇನು, ಆ ದಾರಿಯಲ್ಲಿ ನಾನು ಅವರ ಹಿಂದೆ ನಡೆದು ಬರ್ತಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದು ಹುಳಕ್ಕಲ್ಲ.

ಈಗ ನಾನು ಹೊತ್ತಿಗೆ ಸರಿಯಾಗಿ ತಿಂತೀನಿ. ಮಾವ ನೋಡಿದರೂ ನೋಡದ ಹಾಗೆ ಆಚೆ ಹೋಗ್ತಾರೆ. ಕೆಂಡ ಆರಿದೆ. ದೀಪಾವಳಿಗೆ ಮೆತ್ತಗೆ ಬೇಯಿಸಿದ ಸಣ್ಣ ಮುದ್ದೆಯನ್ನ ಬೇಳೆ ಕಟ್ಟಿನ ಜೊತೆ ತಿಂದೆ, ದಕ್ಕಿತು. ಮೊನ್ನೆ ಅತ್ತೆ ಅಕ್ಕಿ ಕೇರ್ತಾ, ಮೊರದಿಂದ ಕಣ್ಣು ತೆಗೆಯದೆ, "ಆ ಡಾಕ್ಟರಮ್ಮ ವಯಸ್ಸಾದೋರ್ನೂ ನೋಡ್ತಾರೇನೇ?" ಅಂದರು. "ನೋಡ್ತಾರೆ ಅತ್ತೆ. ಗುರುವಾರ ಇಬ್ಬರೂ ಹೋಗೋಣ" ಅಂದೆ. ಅತ್ತೆ ಮೊರದಲ್ಲಿದ್ದ ನುಚ್ಚನ್ನ ಬೇರೆ ಮಾಡಿ ನನ್ನ ಕಡೆ ತಳ್ಳಿದರು.

ಕೂಸಿಗೆ ನನ್ನ ಮುತ್ತು. ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ನೀನು ಹಾಲೂಡಿಸೋಳು, ಎಲ್ಲರದ್ದೂ ಆಗಲಿ ಅಂತ ಕಾಯಬೇಡ. ಯಾರಾದರೂ ಅಂದರೆ ಅಕ್ಕ ಹೇಳಿದ್ದಾಳೆ ಅನ್ನು. ನಿನ್ನ ಮನೆ ತಣ್ಣಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ ನಿನ್ನ ಅಕ್ಕ,
ವೆಂಕಟರತ್ನ

ಮ.ವಿ.: ಇಷ್ಟು ಹೊತ್ತು ಬರೆದರೂ ಬರೆಯಬೇಕಾದ್ದನ್ನ ಬರೆದಿಲ್ಲ. ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೀನಿ.

ಹಿಂದಿನ ಸಲ ಹೋದಾಗ ಡಾಕ್ಟರಮ್ಮ, "ನಿಮ್ಮ ತವರಲ್ಲಿ ಯಾರಿಗಾದರೂ ಹೀಗಾಗಿತ್ತಾ?" ಅಂತ ಕೇಳಿದರು. ನಾನು ಅಮ್ಮನ ಸಂಗತಿ ಹೇಳಿದೆ. ನೀನು ಆಗ ಇನ್ನೂ ತೊಟ್ಟಿಲಲ್ಲಿದ್ದೆ, ನಿನಗೆ ನೆನಪಿಲ್ಲ, ನಾನು ನೋಡಿದ್ದೀನಿ. ಅಮ್ಮ ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಡಿಗೆ ಮಾಡ್ತಿದ್ದದ್ದು, ಕಪ್ಪಗೆ ಕಾರಿಕೊಂಡಿದ್ದು. ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ ಅಂದರು. ಅಮ್ಮ ಹಿಂದಿನ ದಿನ ಶಾಮಲಮ್ಮ ದೊಡ್ಡಮ್ಮನ ಮನೆಯಲ್ಲಿ ಉಂಡಿದ್ದಳು, ಅವರೇ ಹಾಕಿದ್ದು ಅಂದರು. ಅಪ್ಪ ಮದ್ದು ಕಕ್ಕಿಸೋನ ಹತ್ತಿರ ಕರೆದುಕೊಂಡು ಹೋದರು. ಅವನು ಏನೋ ಕುಡಿಸಿ ವಾಂತಿ ಮಾಡಿಸಿದ, ಮತ್ತೆ ಮತ್ತೆ ಮಾಡಿಸಿದ. ವಾಪಸ್ ಬರೋ ದಾರಿಯಲ್ಲಿ ಅಮ್ಮ ಗಾಡಿಯಲ್ಲೇ ಪ್ರಾಣ ಬಿಟ್ಟಳು.

ಡಾಕ್ಟರಮ್ಮ ಬರೆಯೋದು ನಿಲ್ಲಿಸಿ ಪೆನ್ನು ಕೆಳಗಿಟ್ಟರು. "ನಾನು ಕಣ್ಣಲ್ಲಿ ನೋಡದೆ ಖಂಡಿತ ಅಂತ ಹೇಳಬಾರದಮ್ಮ. ಆದರೆ ನೀನು ಹೇಳಿದ್ದೆಲ್ಲ ಹುಣ್ಣಿನ ಲಕ್ಷಣವೇ. ವಾಂತಿ ಮಾಡಿಸಬಾರದಾಗಿತ್ತು" ಅಂದರು. ವಾಸಿಯಾಗ್ತಿತ್ತಾ ಅಂತ ಕೇಳಿದೆ. "ನಿನಗೆ ಆಗ್ತಿದೆಯಲ್ಲ" ಅಂದರು.

ಅಪ್ಪ ಕೊನೇ ತನಕ ಮದ್ದು ಅಂತಲೇ ನಂಬಿಕೊಂಡು ಹೋದರು. ಶಾಮಲಮ್ಮ ದೊಡ್ಡಮ್ಮ ಇನ್ನೂ ಇದ್ದಾರೆ ಭಾರತಿ, ನಮ್ಮ ತವರು ತಾಯಲೂರಿನಲ್ಲೇ, ಕೆರೆ ಕಡೆ ಬೀದಿಯಲ್ಲಿ. ಅಮ್ಮ ಹೋದ ದಿನದಿಂದ ಇವತ್ತಿನ ತನಕ ಊರಲ್ಲಿ ಯಾರೂ ಅವರ ಮನೆಯಲ್ಲಿ ಒಂದು ಲೋಟ ನೀರು ಕುಡಿದಿಲ್ಲ. ಹಬ್ಬಕ್ಕೆ ಅವರು ಕೊಟ್ಟ ಹೋಳಿಗೆಯನ್ನ ನಾಯಿಗೆ ಹಾಕಿದ್ದನ್ನ ನಾನು ನೋಡಿದ್ದೀನಿ, ಅವರೂ ನೋಡಿದ್ದಾರೆ.

ಕಾರ್ತಿಕ ಕಳೆಯೋದರೊಳಗೆ ತಾಯಲೂರಿಗೆ ಹೋಗ್ತೀನಿ. ನಿಮ್ಮ ಭಾವನಿಗೆ ಹೇಳಿದ್ದೀನಿ, ಅವರೂ ಬರ್ತಾರಂತೆ. ನೀನೂ ಕೂಸನ್ನ ಕರೆದುಕೊಂಡು ಬಂದುಬಿಡು. ಬಾಗಿಲಲ್ಲೇ ನಿಂತು ಹೇಳಿ ಬರೋ ಮಾತಲ್ಲ ಇದು. ಒಳಗೆ ಹೋಗಿ ಕೂತು, ಎಲ್ಲರಿಗೂ ಕಾಣೋ ಹಾಗೆ ಬಾಗಿಲು ತೆರೆದಿಟ್ಟು, ದೊಡ್ಡಮ್ಮ ಏನು ಬಡಿಸ್ತಾರೋ ಅದನ್ನ ಅವರ ಕೈಯಿಂದಲೇ ಹಾಕಿಸಿಕೊಂಡು ಉಂಡು ಬರೋಣ.