ತೂಕಡಿಸಿದವರು ಇಬ್ಬರು, ಮನೆ ಸೇರಿದ್ದು ಒಬ್ಬಳು

ಮಾನ್ಯ ಪ್ರಾಚಾರ್ಯರೇ,

ತರಗತಿಯಲ್ಲಿ ತೂಕಡಿಸಿದ್ದಕ್ಕೆ ನನ್ನ ಅಣ್ಣನ ಮಗಳನ್ನು ನೀವು ಮನೆಗೆ ಕಳಿಸಿದಿರಿ. ಬರುವ ಭಾನುವಾರ ಅವಳನ್ನು ನೋಡಲು ಗಂಡಿನವರು ಬರುತ್ತಿದ್ದಾರೆ. ಈ ಎರಡರ ನಡುವೆ ನೀವಿದ್ದೀರಿ, ಆದ್ದರಿಂದ ಈ ಬಹಿರಂಗ ಪತ್ರವನ್ನು ನಿಮಗೇ ಬರೆಯುತ್ತಿದ್ದೇನೆ. "ನನ್ನ ಹೆಸರ ಹಾಕು ಕಾಕಾ, ಹೆಂಗೂ ಊರಿಗೆಲ್ಲ ಗೊತ್ತಾಗೇತಿ. ಅವನ ಹೆಸರ ಬ್ಯಾಡ" ಎಂದಿದ್ದಾಳೆ ಶೈಲಶ್ರೀ.

ಸಹಪಾಠಿಯೊಬ್ಬನನ್ನು ಅವಳು ಪ್ರೀತಿಸಿದ್ದು ನಿಜ. ಕಳೆದ ವರ್ಷವಿಡೀ ಪ್ರೀತಿಸುತ್ತಲೇ ಅವಳು ರಾತ್ರಿ ನಿದ್ದೆಯನ್ನೂ ಮಾಡಿದಳು, ಪಾಸೂ ಆದಳು. ನಿಮಗೆ ಸುಳಿವೂ ಹತ್ತಲಿಲ್ಲ. ದಸರೆಯ ನಂತರ ಇಬ್ಬರೂ ಜಗಳವಾಡಿ ಬೇರೆಯಾದರು. ಅಂದಿನಿಂದ ನಿದ್ದೆಯಿಲ್ಲ, ಊಟವಿಲ್ಲ. ನಮ್ಮೂರು ಶಲವಡಿಯಿಂದ ಬಸ್ಸಿಗೆ ಹಾಕಿ ಕಳಿಸುತ್ತಿದ್ದ ಬುತ್ತಿ, ರೊಟ್ಟಿ ಮುರಿಯದೆ ಹಾಸ್ಟೆಲಿನಿಂದ ಹಿಂದಿರುಗತೊಡಗಿತು. ನಮ್ಮ ವೈನಿ, ಅಂದರೆ ಅವಳ ತಾಯಿ, "ಬದನಿಕಾಯಿ ಬ್ಯಾಸರಾಗಿರಬೇಕು ನನ್ನ ಕೂಸಿಗೆ" ಎಂದು ಒಮ್ಮೆ ಝುಣಕ, ಒಮ್ಮೆ ಗುರೆಳ್ಳು ಚಟ್ನಿ, ಮತ್ತೊಮ್ಮೆ ಬೆಣ್ಣೆ ಕಟ್ಟಿ ಕಳಿಸಿದರು. ತಾಯಿ ತಪ್ಪು ತಿಳಿದರೂ ಏನೋ ಒಂದು ಮಾಡಿದರು. ಮನಃಶಾಸ್ತ್ರ ಕಲಿಸುವ ಕಾಲೇಜಿನ ಮುಖ್ಯಸ್ಥರು ಮಾಡಿದ್ದೇನು? ಅಣ್ಣನನ್ನು ಕರೆಸಿ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಪ್ರೀತಿ-ಗೀತಿ ಅಂತ ರಾತ್ರಿಯೆಲ್ಲ ಎದ್ದಿರ್ತಾಳ್ರಿ. ಮನಿಗೆ ಕರ್ಕೊಂಡು ಹೋಗ್ರಿ" ಎಂದಿರಿ. ಪ್ರೀತಿ ಇದ್ದಾಗ ಅಲ್ಲ ಸ್ವಾಮಿ, ಹರಿದ ಮೇಲೆ ಅವಳ ನಿದ್ದೆ ಹೋದದ್ದು!

ಆ ಹುಡುಗನೂ ಅದೇ ತರಗತಿಯಲ್ಲಿ ತೂಕಡಿಸುತ್ತಾನೆ. ಅವನಿಗೆ ನೀವು ಹೇಳಿದ್ದು: "ಮಾರಿ ತೊಳ್ಕೊಂಡು ಬಾರಲೇ." ಹುಡುಗನ ನಿದ್ದೆಗೆ ತಣ್ಣೀರು, ಹುಡುಗಿಯ ನಿದ್ದೆಗೆ ಮದುವೆ. ಈ ಚಿಕಿತ್ಸೆಯನ್ನು ಯಾವ ಗ್ರಂಥದಲ್ಲಿ ಓದಿದಿರಿ?

ನಾನೂ ನಿಮ್ಮ ಕಾಲೇಜಿನವನೇ. ಬಹಳ ಹಿಂದೆ, ಅಣ್ಣಿಗೇರಿಯವಳೊಬ್ಬಳು ನನ್ನನ್ನು ಒಲ್ಲೆ ಎಂದಾಗ, ನಾನೂ ಬೆಂಚಿನ ಮೇಲೆ ಗೊರಕೆ ಹೊಡೆದಿದ್ದೆ. ಆಗ ನಿಮ್ಮ ಕುರ್ಚಿಯಲ್ಲಿದ್ದವರು ನನ್ನನ್ನು ತಮ್ಮ ಮನೆಗೆ ಕರೆದೊಯ್ದು, "ಮೊದಲ ಉಣ್ಣು, ಮಲ್ಕೋ. ಅಳೂದಿದ್ರ ಎದ್ದ ಮ್ಯಾಲ ಅಳು" ಎಂದಿದ್ದರು. ಅವರ ಕಾಲದಲ್ಲಿ ಆಪ್ತ ಸಮಾಲೋಚನೆಯ ಕೊಠಡಿ ಇರಲಿಲ್ಲ. ನಿಮ್ಮಲ್ಲಿದೆ, ಅದರಲ್ಲಿ ಮುರಿದ ಡೆಸ್ಕುಗಳು ಒಂದರ ಮೇಲೊಂದು ಆಪ್ತವಾಗಿ ಕುಳಿತಿವೆ.

ನನ್ನ ಮಾತನ್ನು ಅಣ್ಣ ಕೇಳುವುದಿಲ್ಲ. ಕಾಲೇಜಿನವರು ಹೇಳಿದರೆ ಅವನಿಗೆ ಅದೇ ಕೊನೆಯ ಮಾತು. ಶೈಲಶ್ರೀ ಇಂದು ಅಡುಗೆಮನೆಯಲ್ಲಿರುವುದೂ ಅದಕ್ಕೇ. ಆದ್ದರಿಂದ ಶನಿವಾರದೊಳಗೆ ನೀವೇ ಅವನಿಗೆ ಫೋನ್ ಮಾಡಿ, "ತಪ್ಪಾತ್ರಿ, ಹುಡುಗೀನ ಕಳಸ್ರಿ" ಎನ್ನಬೇಕು. ಡೆಸ್ಕುಗಳನ್ನು ಹೊರಹಾಕಿಸಿ, ಮಕ್ಕಳ ಮಾತು ಕೇಳಿಸಿಕೊಳ್ಳುವ ಒಬ್ಬರನ್ನು ಅಲ್ಲಿ ಕೂರಿಸಬೇಕು. ಮನೆಯಲ್ಲಿ ಭಾನುವಾರದ ಬೀಗರಿಗೆಂದು ಅವಲಕ್ಕಿ ತಂದಿಟ್ಟಿದ್ದಾರೆ. ವೈನಿ ಯಾರಿಗೂ ಹೇಳದೆ ಸೋಮವಾರದ ಬುತ್ತಿಗೂ ಜೋಳ ಬೀಸಿಸಿದ್ದಾರೆ. ಈ ಸಲ ಬುತ್ತಿಯ ಜೊತೆ ಹುಡುಗಿಯೂ ಬಸ್ಸು ಹತ್ತಲಿ.

ಇಂತಿ,
ಭಾನುವಾರವನ್ನು ನೆನೆದು ನಿದ್ದೆಗೆಟ್ಟಿರುವ,
ಶೈಲಶ್ರೀಯ ಕಾಕಾ